ಕಾರಣ ಬರೆಯದ ಕ್ರಮಸಂಖ್ಯೆಗಳು

2011ರ ಫೆಬ್ರುವರಿ 6ರಂದು ಡೆಬಿಯನ್ ಲಿನಕ್ಸಿನ ‘ಸ್ಕ್ವೀಝ್’ ಆವೃತ್ತಿ ಹೊರಬಂತು. ಹಿಂದಿನ ‘ಲೆನ್ನಿ’ ಆವೃತ್ತಿಯಿಂದ ಅದಕ್ಕೆ ಬಡ್ತಿ ಪಡೆಯುತ್ತಿದ್ದ ಹಳೆಯ ಸರ್ವರುಗಳಲ್ಲಿ ಆಗ ಒಂದು ಎಚ್ಚರಿಕೆ ಕಾಣಿಸಿಕೊಳ್ಳುತ್ತಿತ್ತು. ಅವಲಂಬನೆ ಆಧಾರಿತ ಬೂಟ್ ವ್ಯವಸ್ಥೆಗೆ ಬದಲಾಗಲು ಸಾಧ್ಯವಿಲ್ಲ, ಪರೀಕ್ಷಿಸಿದಾಗ ತೊಂದರೆಗಳು ಕಂಡುಬಂದಿವೆ ಎಂದು ಅದು ಹೇಳುತ್ತಿತ್ತು. ಅದರ ಕೆಳಗೆ ತೊಂದರೆಗಳ ಪಟ್ಟಿ: ಇಂಥ ಪ್ಯಾಕೇಜನ್ನು ತೆಗೆದುಹಾಕಿದ್ದರೂ ಅದರ ಸ್ಕ್ರಿಪ್ಟ್ ಉಳಿದುಕೊಂಡಿದೆ, ಇಂಥ ಸ್ಕ್ರಿಪ್ಟಿಗೆ ತನಗೇನು ಬೇಕೆಂದು ಹೇಳುವ ಹೆಡರ್ ಇಲ್ಲ, ಇಂಥ ಎರಡು ಸೇವೆಗಳು ಒಂದನ್ನೊಂದು ಕಾಯುತ್ತ ಸುತ್ತು ಬಿದ್ದಿವೆ. ಅಲ್ಲಿಯವರೆಗೆ ಒಂದು ದಿನವೂ ತಕರಾರು ತೆಗೆಯದೆ ಬೂಟ್ ಆಗುತ್ತಿದ್ದ ಯಂತ್ರ ಹೀಗೆ ದೂರಿದಾಗ, ಇದು ಹೊಸ ವ್ಯವಸ್ಥೆ ತಂದಿಟ್ಟ ಕಾಟ ಎಂದು ಅದನ್ನು ನೋಡಿಕೊಳ್ಳುವವರಿಗೆ ಅನ್ನಿಸಿದ್ದರೆ ಅದು ಸಹಜ. ಆದರೆ ಆ ಪಟ್ಟಿಯನ್ನು ಸಾಲುಸಾಲಾಗಿ ಓದಿದರೆ ಬೇರೆಯೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ಅಲ್ಲಿದ್ದ ದೂರುಗಳಲ್ಲಿ ಹೆಚ್ಚಿನವು ಹಳೆಯ ವ್ಯವಸ್ಥೆ ವರ್ಷಗಟ್ಟಲೆ ಲೆಕ್ಕಕ್ಕೆ ತಾರದೆ ಬಿಟ್ಟ ಬಾಕಿ. ಯಾವ ಸೇವೆ ಯಾವುದರ ನಂತರ ಏಳಬೇಕು ಎಂಬುದನ್ನು ಅದು ಎರಡಂಕಿಯಲ್ಲಿ ಬರೆದಿಟ್ಟಿತ್ತು. ಏಕೆ ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. 2009ರಿಂದ 2011ರವರೆಗೆ ಡೆಬಿಯನ್ ಮಾಡಿದ್ದು ಆ ‘ಏಕೆ’ಯನ್ನು ಬರೆಸುವ ಕೆಲಸ. ಬೂಟ್ ಬೇಗ ಆಗುವಂತೆ ಮಾಡಿದ್ದಕ್ಕಿಂತ ಇದೇ ಅದರ ದೊಡ್ಡ ಸಾಧನೆ ಎಂಬುದು ನನ್ನ ವಾದ.

ಎರಡಂಕಿಯ ಪದ್ಧತಿ ಬಂದದ್ದು ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಯುನಿಕ್ಸಿನಿಂದ, 1980ರ ದಶಕದಲ್ಲಿ. ಅದಕ್ಕೆ ಮುಂಚಿನ ರೂಢಿಯನ್ನು ಬರ್ಕ್ಲಿಯ ಯುನಿಕ್ಸ್ ಇನ್ನೂ ಬಹುಕಾಲ ಉಳಿಸಿಕೊಂಡಿತ್ತು: ಇಡೀ ಆರಂಭದ ಕೆಲಸ ‘ಆರ್‌ಸಿ’ ಎಂಬ ಸ್ಕ್ರಿಪ್ಟಿನಲ್ಲಿ ಮೇಲಿನಿಂದ ಕೆಳಕ್ಕೆ ನಡೆಯುತ್ತಿತ್ತು. ಹೊಸ ಸೇವೆಯೊಂದು ಬಂದರೆ ಆ ಕಡತವನ್ನೇ ತಿದ್ದಬೇಕು. ಸಿಸ್ಟಮ್ ಫೈವ್ ಅದನ್ನು ಒಡೆದು ಪ್ರತಿ ಸೇವೆಗೂ ಒಂದು ಸ್ಕ್ರಿಪ್ಟ್ ಕೊಟ್ಟಿತು. ರನ್‌ಲೆವೆಲ್ ಎಂದರೆ ಯಂತ್ರ ಓಡುವ ಸ್ಥಿತಿ; ಅಂಥ ಒಂದೊಂದಕ್ಕೂ ಒಂದು ಡೈರೆಕ್ಟರಿ ಮಾಡಿ ಅದರಲ್ಲಿ ಸ್ಕ್ರಿಪ್ಟುಗಳಿಗೆ ಕೊಂಡಿ ಇಟ್ಟಿತು. ಕೊಂಡಿಯ ಹೆಸರು ‘ಎಸ್’ ಎಂದು ಶುರುವಾದರೆ ಸೇವೆಯನ್ನು ಏಳಿಸಬೇಕು, ‘ಕೆ’ ಎಂದಿದ್ದರೆ ನಿಲ್ಲಿಸಬೇಕು. ಆಮೇಲೆ ಬರುವ ಎರಡಂಕಿ ಸರದಿಯನ್ನು ಹೇಳುತ್ತದೆ. ಮಿಕೆಲ್ ವ್ಯಾನ್ ಸ್ಮೂರೆನ್‌ಬರ್ಗ್ ಲಿನಕ್ಸಿಗಾಗಿ ಬರೆದ ‘ಸಿಸ್‌ವಿ ಇನಿಟ್’ ಇದೇ ಅಚ್ಚಿನದು, ಡೆಬಿಯನ್ ಅದನ್ನೇ ಬಳಸಿತು. ಆಗಿನ ಮಟ್ಟಿಗೆ ಇದು ನಿಜಕ್ಕೂ ಸುಧಾರಣೆ. ಯಾರ ಕಡತವನ್ನೂ ಮುಟ್ಟದೆ ಹೊಸ ಸೇವೆ ಸೇರಿಸಬಹುದು, ತೆಗೆಯಬಹುದು. ಪ್ಯಾಕೇಜುಗಳನ್ನು ಜೋಡಿಸಿ ಕಟ್ಟುವ ವಿತರಣೆಗೆ ಇದಿಲ್ಲದೆ ನಡೆಯುತ್ತಲೇ ಇರಲಿಲ್ಲ.

ಲೆನ್ನಿ ಕಾಲದ ಡೆಬಿಯನ್ನಿನಲ್ಲಿ ನೆಟ್‌ವರ್ಕ್ ಏಳಿಸುವ ಸ್ಕ್ರಿಪ್ಟಿನ ಸಂಖ್ಯೆ 40. ದೂರದ ಯಂತ್ರದ ಡಿಸ್ಕನ್ನು ಎನ್‌ಎಫ್‌ಎಸ್ ಮೂಲಕ ಜೋಡಿಸುವ ಸ್ಕ್ರಿಪ್ಟಿನದು 45. ನೆಟ್‌ವರ್ಕ್ ಇಲ್ಲದೆ ದೂರದ ಡಿಸ್ಕು ಸಿಗುವುದಿಲ್ಲವಾದ್ದರಿಂದ ಈ ಸರದಿ ಸರಿಯೇ. ಆದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ 89ರಲ್ಲಿ, ವೆಬ್ ಸರ್ವರ್ ಆದ ಅಪಾಚೆ 91ರಲ್ಲಿ ಇದ್ದವಲ್ಲ, ಅಪಾಚೆಗೆ ಕ್ರಾನ್ ಬೇಕೆಂದೇ? ಬೇಡ. ಹಾಗೆಂದು ಸಂಖ್ಯೆಯನ್ನು ನೋಡಿ ತಿಳಿಯಲು ದಾರಿಯಿಲ್ಲ. 40 ಮತ್ತು 45ರ ನಡುವೆ ಇರುವ ನಿಜವಾದ ಅಗತ್ಯ, 89 ಮತ್ತು 91ರ ನಡುವೆ ಇರುವ ಬರೀ ಅಕ್ಕಪಕ್ಕ ಎರಡೂ ಒಂದೇ ವೇಷದಲ್ಲಿ ನಿಂತಿವೆ. ಮದುವೆಮನೆಯ ಅಡುಗೆಯ ಚೀಟಿಯಲ್ಲಿ ‘ಹುಳಿ 4, ಹಪ್ಪಳ 5’ ಎಂದಷ್ಟೇ ಬರೆದಿದ್ದರೆ, ಹುಳಿ ಕಾಯುತ್ತಿರುವುದು ಬೇಳೆ ಬೇಯಲೆಂದು, ಹಪ್ಪಳ ಯಾರನ್ನೂ ಕಾಯುತ್ತಿಲ್ಲ ಎಂಬುದು ಹೊಸಬರಿಗೆ ಹೇಗೆ ತಿಳಿದೀತು? ಇನ್ನೂ ಒಂದು ತೊಡಕಿತ್ತು. ಪ್ಯಾಕೇಜು ಮಾಡಿದವರು ಸಂಖ್ಯೆ ಸೂಚಿಸದಿದ್ದರೆ ಡೆಬಿಯನ್ 20 ಎಂದು ಕೊಟ್ಟುಬಿಡುತ್ತಿತ್ತು. ಹೀಗೆ 20ರಲ್ಲಿ ಹತ್ತಾರು ಸೇವೆಗಳು ಗುಂಪುಗೂಡಿ, ಅವುಗಳೊಳಗಿನ ಸರದಿ ಹೆಸರಿನ ಅಕ್ಷರಕ್ರಮದ ಪಾಲಾಯಿತು. ಒಂದು ಸೇವೆ ಸರಿಯಾದ ಹೊತ್ತಿಗೆ ಏಳುತ್ತಿದ್ದುದು ಅದರ ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಭಾಗದಲ್ಲಿದ್ದುದರಿಂದ ಮಾತ್ರ ಎಂಬ ಸ್ಥಿತಿಯನ್ನು ‘ಕೆಲಸ ಮಾಡುತ್ತಿತ್ತು’ ಎನ್ನಬಹುದು; ಸರಿಯಾಗಿತ್ತು ಎನ್ನಲಾಗದು.

ಇದಕ್ಕೆ ಪರಿಹಾರ ಆಗ ಹೊಸದಾಗಿ ಕಂಡುಹಿಡಿಯಬೇಕಾಗಿದ್ದೇನೂ ಅಲ್ಲ. ‘ಇದಕ್ಕೆ ಮುಂಚೆ ಅದು’ ಎಂಬ ಬಿಡಿ ಸಂಬಂಧಗಳ ರಾಶಿಯಿಂದ ಒಂದು ಪೂರ್ತಿ ಸರದಿಯನ್ನು ಕಟ್ಟುವ ಕ್ರಮವನ್ನು ಆರ್ಥರ್ ಕಾನ್ 1962ರಲ್ಲೇ ಪ್ರಕಟಿಸಿದ್ದರು. ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ‘ಮೇಕ್’ ಯಾವ ಫೈಲು ಯಾವುದನ್ನು ನೆಚ್ಚಿದೆ ಎಂದು ಹೇಳಿಸಿಕೊಂಡು ಕೆಲಸದ ಕ್ರಮವನ್ನು ತಾನೇ ಹೊಂದಿಸುತ್ತಿತ್ತು. 1979ರಲ್ಲಿ ಬಂದ ಯುನಿಕ್ಸಿನ ಏಳನೆಯ ಆವೃತ್ತಿಯಲ್ಲಿ ‘ಟಿಸಾರ್ಟ್’ ಎಂಬ ಪುಟ್ಟ ಕಮಾಂಡೂ ಇತ್ತು; ಲೈಬ್ರರಿಯೊಳಗಿನ ಕಡತಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲು ಅದನ್ನು ಬಳಸುತ್ತಿದ್ದರು. ಅಂದರೆ ಸಿಸ್ಟಮ್ ಫೈವ್ ಬಂದಾಗ ಬೇಕಾದ ಉಪಕರಣ ಅದೇ ಮನೆಯಲ್ಲಿತ್ತು, ಬೂಟ್ ಕೆಲಸಕ್ಕೆ ಮಾತ್ರ ಯಾರೂ ಅದನ್ನು ಕರೆಯಲಿಲ್ಲ. ಇದನ್ನು ಅಸಡ್ಡೆ ಎನ್ನಲು ನನಗೆ ಮನಸ್ಸಿಲ್ಲ. ವಾಣಿಜ್ಯ ಯುನಿಕ್ಸಿನ ಆರಂಭದ ಸ್ಕ್ರಿಪ್ಟುಗಳೆಲ್ಲ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ಯಾವುದು ಯಾವುದರ ನಂತರ ಎಂಬುದನ್ನು ಪಕ್ಕದ ಕೋಣೆಯವರನ್ನು ಕೇಳಿ ತಿಳಿಯಬಹುದಿತ್ತು. ಡೆಬಿಯನ್ನಿನ ಮಾತು ಬೇರೆ. ಸ್ಕ್ವೀಝ್ ಹೊತ್ತಿಗೆ ಅದರಲ್ಲಿ 29,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವರು ಹಲವು ದೇಶಗಳಲ್ಲಿ ಚದುರಿದ್ದ ಸ್ವಯಂಸೇವಕರು. ಒಬ್ಬರು 19 ಎಂದು ಆರಿಸಿದ ಸಂಖ್ಯೆಯ ಹಿಂದಿನ ಕಾರಣ ಅವರೊಂದಿಗೇ ಹೊರಟುಹೋಗಬಹುದಿತ್ತು. ಕೆಲಸ ಹಂಚಿಹೋದಷ್ಟೂ ಕಾರಣವನ್ನು ಬರೆದಿಡುವ ಅಗತ್ಯ ಬೆಳೆಯುತ್ತದೆ. ಸಂಖ್ಯೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ದಾರಿ ತೋರಿದವರು ಹಲವರು. ನೆಟ್‌ಬಿಎಸ್‌ಡಿ 2000ದಲ್ಲಿ ಬಂದ ತನ್ನ 1.5ನೆಯ ಆವೃತ್ತಿಯಲ್ಲಿ, ಲ್ಯೂಕ್ ಮ್ಯೂಬರ್ನ್ ಮುಂದಾಳುತನದಲ್ಲಿ, ಪ್ರತಿ ಸ್ಕ್ರಿಪ್ಟೂ ತಾನು ಏನನ್ನು ಒದಗಿಸುತ್ತೇನೆ, ತನಗೆ ಏನು ಬೇಕು ಎಂದು ಹೇಳುವ ಪದ್ಧತಿಗೆ ಬದಲಾಯಿತು. ಲಿನಕ್ಸ್ ವಿತರಣೆಗಳಿಗೆ ಸಾಮಾನ್ಯ ನಿಯಮ ರೂಪಿಸಿದ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್, ಸ್ಕ್ರಿಪ್ಟಿನ ತಲೆಯಲ್ಲಿ ಟಿಪ್ಪಣಿಯ ಸಾಲುಗಳಾಗಿ ಬರೆಯಬಹುದಾದ ಒಂದು ಹೆಡರನ್ನು ಗೊತ್ತುಪಡಿಸಿತು: ಒದಗಿಸುವುದು ಏನು, ಏಳುವ ಮುಂಚೆ ಖಂಡಿತ ಬೇಕಾದ್ದು ಏನು, ಇದ್ದರೆ ಕಾಯಬೇಕಾದ್ದು ಏನು, ಯಾವ ರನ್‌ಲೆವೆಲ್‌ಗಳಲ್ಲಿ ಏಳಬೇಕು. ಈ ಹೆಡರುಗಳನ್ನು ಓದಿ ಸರದಿ ಕಟ್ಟುವ ‘ಇನ್‌ಸರ್ವ್’ ಎಂಬ ಉಪಕರಣ ಸೂಸೆಯ ವೆರ್ನರ್ ಫಿಂಕ್ ಅವರದು. ಡೆಬಿಯನ್ನಿಗೆ ಅದನ್ನು ತಂದು, ಪಟ್ಟು ಹಿಡಿದು ದಡ ಮುಟ್ಟಿಸಿದವರು ನಾರ್ವೆಯ ಪೆಟ್ಟರ್ ರೈನ್‌ಹೋಲ್ಡ್‌ಸೆನ್ ಮತ್ತು ಅವರ ಜೊತೆಗಾರರು. 2009ರ ಫೆಬ್ರುವರಿಯಲ್ಲಿ ಬಂದ ಲೆನ್ನಿಯಲ್ಲಿ ಇದು ಬೇಕಾದವರು ಆರಿಸಿಕೊಳ್ಳುವ ಸೌಲಭ್ಯವಾಗಿತ್ತು. ಅದೇ ವರ್ಷದ ಜುಲೈನಲ್ಲಿ, ಮುಂದಿನ ಆವೃತ್ತಿ ರೂಪುಗೊಳ್ಳುವ ‘ಅನ್‌ಸ್ಟೇಬಲ್’ ಶಾಖೆಯಲ್ಲಿ ಇದೇ ರೂಢಿಯಾಯಿತು. 2010ರ ಮೇನಲ್ಲಿ, ಒಂದನ್ನೊಂದು ನೆಚ್ಚದ ಸೇವೆಗಳನ್ನು ಜೊತೆಜೊತೆಗೇ ಏಳಿಸುವ ಕ್ರಮವೂ ಬಂತು. ಆ ಹೊತ್ತಿಗೆ ಇನ್‌ಸರ್ವ್ ತನ್ನ ಲೆಕ್ಕಾಚಾರವನ್ನು ‘ಮೇಕ್’ ಕಡತದ ಧಾಟಿಯಲ್ಲಿಯೇ ಬರೆದಿಡುತ್ತಿತ್ತು. ಫೆಲ್ಡ್‌ಮನ್ನರ 1976ರ ಬರವಣಿಗೆಯ ರೀತಿ ಬೂಟ್ ಡೈರೆಕ್ಟರಿಯನ್ನು ತಲುಪಲು 30ಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈಗ ಆ ಎಚ್ಚರಿಕೆಯ ಪಟ್ಟಿಗೆ ಮರಳಿ ನೋಡಬೇಕು, ಏಕೆಂದರೆ ನನ್ನ ವಾದಕ್ಕೆ ಸಾಕ್ಷಿ ಅಲ್ಲೇ ಇದೆ. ಮೊದಲನೆಯ ದೂರು ಅನಾಥ ಸ್ಕ್ರಿಪ್ಟುಗಳದು. ಡೆಬಿಯನ್ನಿನಲ್ಲಿ ಪ್ಯಾಕೇಜನ್ನು ತೆಗೆದರೂ ಅದರ ಸಂರಚನೆಯ ಕಡತಗಳು ಉಳಿಯುತ್ತವೆ. ಬೂಟ್ ಸ್ಕ್ರಿಪ್ಟೂ ಅಂಥ ಕಡತವೇ, ಏಕೆಂದರೆ ಅದನ್ನು ತಿದ್ದುವ ಹಕ್ಕು ಯಂತ್ರದ ಒಡೆಯರಿಗಿದೆ. ಹಾಗೆ ಉಳಿದ ಸ್ಕ್ರಿಪ್ಟ್ ಪ್ರತಿ ಬೂಟಿನಲ್ಲೂ ಓಡಿ, ತನ್ನ ಪ್ರೋಗ್ರಾಮು ಇಲ್ಲವೆಂದು ಕಂಡು ಸದ್ದಿಲ್ಲದೆ ಹೊರಬೀಳುತ್ತಿತ್ತು. ಎಷ್ಟೋ ವರ್ಷ ಹಿಂದೆ ಕಿತ್ತುಹಾಕಿದ ಸೇವೆಯ ಕೊಂಡಿಗಳು ಸರದಿಯಲ್ಲಿ ಕುಳಿತೇ ಇದ್ದವು. ಇನ್‌ಸರ್ವ್ ಪ್ರತಿಯೊಂದನ್ನೂ ‘ನಿನಗೇನು ಬೇಕು’ ಎಂದು ಕೇಳಿದಾಗ ಉತ್ತರ ಹೇಳದೆ ಸಿಕ್ಕಿಬಿದ್ದವು. ಪರಿಹಾರ ಸುಲಭ: ಪ್ಯಾಕೇಜನ್ನು ಸಂರಚನೆಯ ಸಮೇತ ಪೂರ್ತಿ ಅಳಿಸಿ, ಬೂಟ್ ಸರದಿಯನ್ನು ನೋಡಿಕೊಳ್ಳುವ ‘ಸಿಸ್‌ವಿ ಆರ್‌ಸಿ’ ಪ್ಯಾಕೇಜನ್ನು ಮತ್ತೆ ಸಂರಚಿಸುವುದು. ಎರಡನೆಯದು, ಹೆಡರ್ ಇಲ್ಲದ ಸ್ಕ್ರಿಪ್ಟು. ಇವು ಬಹುಮಟ್ಟಿಗೆ ಡೆಬಿಯನ್ನಿನ ಹೊರಗಿನಿಂದ ಬಂದ ತಂತ್ರಾಂಶದವು, ಇಲ್ಲವೆ ಯಂತ್ರದ ಉಸ್ತುವಾರಿಯವರೇ ಬರೆದುಕೊಂಡವು. ಮೂಲ ಸ್ಕ್ರಿಪ್ಟನ್ನು ಮುಟ್ಟಲು ಇಷ್ಟವಿಲ್ಲದವರು ಇನ್‌ಸರ್ವ್‌ನ ‘ಓವರ್‌ರೈಡ್ಸ್’ ಡೈರೆಕ್ಟರಿಯಲ್ಲಿ ಅದೇ ಹೆಸರಿನ ಕಡತ ಮಾಡಿ ಹೆಡರನ್ನು ಅಲ್ಲಿ ಬರೆಯಬಹುದಿತ್ತು. ಮೂರನೆಯ ದೂರು ಎಲ್ಲಕ್ಕಿಂತ ಅರ್ಥಪೂರ್ಣ: ಸುತ್ತು. ಒಂದು ಸ್ಕ್ರಿಪ್ಟ್ ‘ಎಲ್ಲವೂ ಎದ್ದ ಮೇಲೆ ನಾನು’ ಎಂದು ಹೇಳಿಕೊಂಡಿರುತ್ತದೆ. ಇನ್ನೊಂದು ಸೇವೆ ‘ಅದು ಎದ್ದ ಮೇಲೆ ನಾನು’ ಎನ್ನುತ್ತದೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಸಂಖ್ಯೆಗಳಲ್ಲಿ ಇಂಥ ವಿರೋಧವನ್ನು ಹೇಳಲೇ ಬರುವುದಿಲ್ಲ, ಒಂದಕ್ಕೆ 98 ಇನ್ನೊಂದಕ್ಕೆ 99 ಕೊಟ್ಟರೆ ಸಾಲು ನೇರವಾಗಿ ಕಾಣುತ್ತದೆ, ಇಬ್ಬರಲ್ಲಿ ಒಬ್ಬರ ಅಗತ್ಯ ಮುರಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಸುತ್ತು ಕಂಡಾಗ ಇನ್‌ಸರ್ವ್ ಏನನ್ನೂ ಊಹಿಸದೆ, ಸರದಿಯನ್ನು ಬದಲಿಸದೆ ಹಿಂದೆ ಸರಿಯುತ್ತಿತ್ತು. ಒಮ್ಮೆ ಬದಲಾದರೆ ಹಿಂದಕ್ಕೆ ಹೋಗಲಾಗದ ಹೆಜ್ಜೆ ಇದೆಂದು ಡೆಬಿಯನ್ ಮೊದಲೇ ಹೇಳಿತ್ತು. ಅಂಥ ಹೆಜ್ಜೆಯಲ್ಲಿ ಅನುಮಾನ ಬಂದರೆ ನಿಲ್ಲುವುದೇ ಸರಿಯಾದ ವಿವೇಕ. ಬಡ್ತಿಯ ನಡುವೆ ಕಿರಿಕಿರಿ ಎನಿಸಿದ ಆ ನಿರಾಕರಣೆಯನ್ನು ಈ ವ್ಯವಸ್ಥೆಯ ಅತ್ಯಂತ ಎಚ್ಚರದ ವಿನ್ಯಾಸವೆಂದು ನಾನು ಭಾವಿಸುತ್ತೇನೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಸಂಖ್ಯೆಯ ಕ್ರಮ ಕಣ್ಣಿಗೆ ಕಾಣುತ್ತಿತ್ತು, ಡೈರೆಕ್ಟರಿಯ ಪಟ್ಟಿ ತೆಗೆದರೆ ಇಡೀ ಬೂಟ್ ಅಲ್ಲಿ ಸಾಲಾಗಿ ನಿಂತಿರುತ್ತಿತ್ತು, ಸರದಿ ಬದಲಿಸಲು ಕೊಂಡಿಯ ಹೆಸರು ಬದಲಿಸಿದರೆ ಸಾಕಿತ್ತು ಎಂದು ಹಳಬರು ಹೇಳುವುದು ನಿಜ. ಬದಲಾವಣೆಯ ನಂತರವೂ ಕೊಂಡಿಗಳಲ್ಲಿ ಸಂಖ್ಯೆ ಇತ್ತು, ಆದರೆ ಅದು ಇನ್‌ಸರ್ವ್ ಲೆಕ್ಕ ಹಾಕಿ ಇಟ್ಟದ್ದು. ಕೈಯಿಂದ ತಿದ್ದಿದರೆ ಮುಂದಿನ ಲೆಕ್ಕಾಚಾರದಲ್ಲಿ ಅಳಿಸಿಹೋಗುವ ಅಪಾಯವಿತ್ತು. ಹಳೆಯ ಅಭ್ಯಾಸದಂತೆ ಕಮಾಂಡಿನಲ್ಲಿ ಸಂಖ್ಯೆ ಕೊಟ್ಟವರ ಮಾತನ್ನು ವ್ಯವಸ್ಥೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನೇರ ಹಿಡಿತ ಕೈತಪ್ಪಿತು ಎಂಬ ನೋವು ನನಗೆ ಅರ್ಥವಾಗುತ್ತದೆ. ಆದರೆ ಹಿಡಿತ ಎಂದರೆ ಏನು? ಕೊಂಡಿಯನ್ನು 20ರಿಂದ 25ಕ್ಕೆ ಸರಿಸಿದವರು ಅದರ ಕಾರಣವನ್ನು ಬರೆದಿಡಲು ಅಲ್ಲಿ ಸ್ಥಳವಿರಲಿಲ್ಲ, ನಾಳೆ ಆ ಯಂತ್ರವನ್ನು ವಹಿಸಿಕೊಳ್ಳುವವರಿಗೆ 25 ಎಂಬುದು ಒಗಟು. ಹೆಡರಿನಲ್ಲಿ ಒಂದು ಸಾಲು ಸೇರಿಸಿದರೆ ಅದೇ ತಿದ್ದುಪಡಿ ತನ್ನ ಕಾರಣದ ಸಮೇತ ಉಳಿಯುತ್ತದೆ. ಹೊಸ ಸೇವೆಗಳು ಬಂದು ಸಾಲು ಎಷ್ಟೇ ಕದಲಲಿ, ಆ ಸಂಬಂಧ ಕದಲುವುದಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಬರೆದ ಕಾರಣವೂ ಸುಳ್ಳಿರಬಹುದು. ಇದನ್ನು ಒಪ್ಪಲೇಬೇಕು. ‘ಯುಎಸ್ಆರ್’ ಡೈರೆಕ್ಟರಿ ನೆಟ್‌ವರ್ಕಿನಾಚೆಯ ಡಿಸ್ಕಿನಲ್ಲಿರಬಹುದು. ಆದ್ದರಿಂದ ಅಲ್ಲಿರುವ ಪ್ರೋಗ್ರಾಮನ್ನು ಏಳಿಸುವ ಸ್ಕ್ರಿಪ್ಟ್ ದೂರದ ಕಡತವ್ಯವಸ್ಥೆಗಾಗಿ ಕಾಯುತ್ತೇನೆಂದು ಬರೆಯಬೇಕು. ಸ್ಥಳೀಯ ಡಿಸ್ಕು ಸಾಕು ಎಂದು ಬರೆದ ಸ್ಕ್ರಿಪ್ಟ್, ಬರೆದವರ ಸ್ವಂತ ಯಂತ್ರದಲ್ಲಿ ಚೆನ್ನಾಗಿಯೇ ಓಡುತ್ತದೆ, ಎನ್‌ಎಫ್‌ಎಸ್ ಬಳಸುವ ಸಂಸ್ಥೆಯಲ್ಲಿ ಬೀಳುತ್ತದೆ. ಸೇವೆಗಳು ಜೊತೆಜೊತೆಗೇ ಏಳತೊಡಗಿದ ಮೇಲೆ ಇಂಥ ತಪ್ಪುಗಳಿಗೆ ಮರೆಯೇ ಉಳಿಯಲಿಲ್ಲ, ಏಕೆಂದರೆ ಒಂದರ ಹಿಂದೊಂದು ಓಡುವಾಗ ಆಕಸ್ಮಿಕವಾಗಿ ಸಿಗುತ್ತಿದ್ದ ಕಾಲಾವಕಾಶ ಇಲ್ಲವಾಗಿತ್ತು. ಹಾಗಿದ್ದರೂ ಎರಡು ಬಗೆಯ ತಪ್ಪುಗಳಿಗೆ ವ್ಯತ್ಯಾಸವಿದೆ. ತಪ್ಪಾಗಿ ಬರೆದ ಅವಲಂಬನೆಯನ್ನು ಇನ್ನೊಬ್ಬರು ಓದಿ ‘ಇದು ಸರಿಯಲ್ಲ’ ಎಂದು ತೋರಿಸಬಹುದು, ತಿದ್ದಿದ್ದು ಎಲ್ಲರ ಯಂತ್ರಕ್ಕೂ ತಲುಪುತ್ತದೆ. 20 ಎಂಬ ಸಂಖ್ಯೆ ತಪ್ಪು ಎಂದು ಸಾಧಿಸಲು ಯಾವ ಹೇಳಿಕೆಯನ್ನು ಹಿಡಿದು ವಾದಿಸುವುದು? ಒಂದು ಕೊರತೆಯನ್ನು ಮಾತ್ರ ಇನ್‌ಸರ್ವ್ ತುಂಬಲೇ ಇಲ್ಲ. ಸ್ಕ್ರಿಪ್ಟ್ ಓಡಿ ಮುಗಿಯಿತು ಎಂದರೆ ಸೇವೆ ಸಿದ್ಧವಾಯಿತು ಎಂದು ಅದು ನಂಬುತ್ತಿತ್ತು. ಹಿನ್ನೆಲೆಗೆ ಸರಿದ ಪ್ರೋಗ್ರಾಮು ಇನ್ನೂ ಸಜ್ಜಾಗುತ್ತಿರುವಾಗಲೇ ಅದನ್ನು ನೆಚ್ಚಿದವು ಎದ್ದುಬಿಡಬಹುದಿತ್ತು. ಬೂಟ್ ಮುಗಿದ ಮೇಲೆ ಬಂದುಹೋಗುವ ಯಂತ್ರಾಂಶಕ್ಕೂ ಅದರಲ್ಲಿ ಉತ್ತರವಿರಲಿಲ್ಲ.

ಆ ಕೊರತೆಯನ್ನು ಮುಂದಿಟ್ಟುಕೊಂಡೇ ಲೆನಾರ್ಟ್ ಪೊಟ್ಟರಿಂಗ್ 2010ರ ಏಪ್ರಿಲಿನಲ್ಲಿ ‘ಸಿಸ್ಟಮ್‌ಡಿ’ಯನ್ನು ಪ್ರಕಟಿಸಿದರು, ಡೆಬಿಯನ್ ಸ್ಕ್ವೀಝನ್ನು ಇನ್ನೂ ಹದಗೊಳಿಸುತ್ತಿದ್ದಾಗಲೇ. 2014ರ ಫೆಬ್ರುವರಿಯಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿ ಅದನ್ನೇ ಆರಿಸಿತು. 2015ರ ಏಪ್ರಿಲಿನ ‘ಜೆಸ್ಸಿ’ಯಿಂದ ಅದೇ ರೂಢಿ. ಹಾಗಾದರೆ ನಾಲ್ಕೇ ವರ್ಷದ ಬಾಳಿಕೆಗಾಗಿ ಅಷ್ಟು ಜನರ ಶ್ರಮ ವ್ಯರ್ಥವಾಯಿತೇ? ವ್ಯರ್ಥವಾದದ್ದು ಇನ್‌ಸರ್ವ್ ಎಂಬ ಉಪಕರಣದ ಪಟ್ಟ ಮಾತ್ರ. ಬರೆಸಿದ ಕಾರಣಗಳು ಮುಂದೆ ನಡೆದವು: ಹಳೆಯ ಸ್ಕ್ರಿಪ್ಟನ್ನು ಕಂಡಾಗ ಸಿಸ್ಟಮ್‌ಡಿ ಅದರ ತಲೆಯ ಮೇಲಿನ ಹೆಡರನ್ನೇ ಓದಿ, ಅದೇ ಅವಲಂಬನೆಗಳನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡಿತು. ಯಾವ ಸೇವೆಗೆ ಏನು ಬೇಕು ಎಂಬುದು ಅಷ್ಟುಹೊತ್ತಿಗೆ ಪ್ಯಾಕೇಜುಗಳಲ್ಲಿ ಬರವಣಿಗೆಯಾಗಿ ಕುಳಿತಿದ್ದುದರಿಂದಲೇ, ಹೊಸ ರೀತಿಯ ಕಡತಗಳನ್ನು ಒಂದೊಂದಾಗಿ ಬರೆಯುವ ತನಕ ಹಳೆಯವೂ ಜೊತೆಯಲ್ಲಿ ಓಡಲು ಸಾಧ್ಯವಾಯಿತು. ಸಿಸ್ಟಮ್‌ಡಿ ಬೇಡವೆನ್ನುವ ಡೆಬಿಯನ್ ಬಳಕೆದಾರರು ಇಂದೂ ಇದ್ದಾರೆ. ಪ್ಯಾಕೇಜುಗಳನ್ನು ನೋಡಿಕೊಳ್ಳುವವರು ಕೈಬಿಟ್ಟ ಬೂಟ್ ಸ್ಕ್ರಿಪ್ಟುಗಳನ್ನು ಒಟ್ಟುಗೂಡಿಸಿ ಕಾಪಾಡಲು ‘ಆರ್ಫನ್ ಸಿಸ್‌ವಿಇನಿಟ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಪ್ಯಾಕೇಜೇ ಇದೆ, ಮತ್ತು ಅವುಗಳ ಸರದಿಯನ್ನು ಇನ್‌ಸರ್ವ್ ಈಗಲೂ ಅದೇ ಹೆಡರುಗಳನ್ನು ಓದಿಯೇ ಕಟ್ಟುತ್ತದೆ.