ಬೇಗಂಪೇಟೆಯ ಕಟ್ಟಡ, ಆನೆಕಾಲಿನ ಹುಳು

ಸಿಕಂದರಾಬಾದಿನ ನಾವು ಬೇಗಂಪೇಟೆಯ ರೊನಾಲ್ಡ್ ರಾಸ್ ಕಟ್ಟಡವನ್ನು ಮಲೇರಿಯಾದೊಂದಿಗಷ್ಟೇ ನೆನೆಯುತ್ತೇವೆ. 1897ರ ಆಗಸ್ಟ್ 20ರಂದು ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡದ್ದು ನಿಜ. ಆದರೆ ಸೊಳ್ಳೆಯನ್ನು ಸೀಳಿ ನೋಡುವ ದಾರಿ ತೆರೆದದ್ದು ಆನೆಕಾಲಿನ ಹುಳು. ಅದರ ಮರಿ ಸೊಳ್ಳೆಯೊಳಗೆ ಬೆಳೆಯುವುದನ್ನು ಅವರ ಮಾರ್ಗದರ್ಶಕ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲೇ ಚೀನಾದಲ್ಲಿ ಗುರುತಿಸಿದ್ದರು.

ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1947ರಲ್ಲಿ ಅಮೆರಿಕದಲ್ಲಿ ಇದಕ್ಕೆ ಡೈಈಥೈಲ್‌ಕಾರ್ಬಮಜೀನ್ ಎಂಬ ಮದ್ದು ಕಂಡಿತು. ಸೋಜಿಗವೆಂದರೆ, ಗಾಜಿನ ನಳಿಕೆಯಲ್ಲಿ ಅದು ಮರಿಗಳನ್ನು ಅಷ್ಟಾಗಿ ಬಾಧಿಸದು. ಮೈಯೊಳಗಾದರೋ ಬಿಳಿರಕ್ತಕಣಗಳು ಮುತ್ತುತ್ತವೆ. ಹುಳು ನುಂಗಲಾಗದಷ್ಟು ದೊಡ್ಡದು. ಆದ್ದರಿಂದ ಇಯೊಸಿನೊಫಿಲ್ ಕಣ ಅದಕ್ಕೆ ಅಂಟಿಕೊಂಡು ತನ್ನ ವಿಷಪ್ರೋಟೀನನ್ನು ಮೈಮೇಲೆ ಸುರಿಯುತ್ತದೆ. ಮರಿಗಳು ಸಾಯುವಾಗ ರೋಗಿಗೆ ಜ್ವರ, ತಲೆನೋವು. ಆ ಜ್ವರಕ್ಕೆ ಬೆದರಿ ಮರುವರ್ಷದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರಿಗೆ, ಅದು ಹುಳು ಸಾಯುತ್ತಿರುವ ಗುರುತೆಂದು ನಾವು ಹೇಳಿದ್ದೇವೆಯೇ?