ಹತ್ತು ರಾಗಕ್ಕೆ ಎರಡು ತೀರ್ಪು

'ಶೋಲೆ' (1975) ಚಿತ್ರೀಕರಣವಾದ ರಾಮನಗರದ ಬಂಡೆಗಳು ಹಾರೋಹಳ್ಳಿಯ ನಮಗೆ ದೂರವಲ್ಲ. ಗಬ್ಬರ್‌ನ ಮಾತು ನಮಗೆ ಬಾಯಿಪಾಠ. ಸಂಗೀತ ಕೊಟ್ಟ ಆರ್.ಡಿ. ಬರ್ಮನ್ ಹೆಸರೂ ಗೊತ್ತು. ಆದರೆ ಅಂಥವರ ವಾದ್ಯವೃಂದದಲ್ಲಿ ಕುಳಿತು ನುಡಿಸಿದವರು ಯಾರೆಂದರೆ ನಮ್ಮಲ್ಲಿ ಉತ್ತರವಿಲ್ಲ. ಮುಂಬಯಿಯ ಚರಣ್‌ಜಿತ್ ಸಿಂಗ್ ಅಂಥವರಲ್ಲೊಬ್ಬರು. ಬರ್ಮನ್, ಶಂಕರ್-ಜೈಕಿಶನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಇವರಿಗೆಲ್ಲ ಬಾಸ್ ಗಿಟಾರ್, ಸಿಂಥಸೈಜರ್ ನುಡಿಸಿದವರು.

ಅದು ಡಿಸ್ಕೋ ಕಾಲ. 1980ರ 'ಕುರ್ಬಾನಿ'ಯಲ್ಲಿ ನಾಜಿಯಾ ಹಸನ್ ಹಾಡಿ ಮನೆಮಾತಾದರು; ಆ ಹಾಡಿಗೆ ಸಂಗೀತ ಕೊಟ್ಟ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದವರು. 1982ರಲ್ಲಿ 'ಡಿಸ್ಕೋ ಡ್ಯಾನ್ಸರ್' ಬಂತು. ಎಲ್ಲರೂ ಮಾಡುವುದನ್ನೇ ಮಾಡುವುದೇಕೆ, ತಬಲಾ ಬಿಟ್ಟು ಡಿಸ್ಕೋ ತಾಳಕ್ಕೆ ರಾಗ ನುಡಿಸಿ ನೋಡೋಣ ಎಂದುಕೊಂಡರು ಸಿಂಗ್. ಅದೇ ವರ್ಷ ಧ್ವನಿಮುದ್ರಣಗೊಂಡ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಎಚ್‌ಎಂವಿಯಿಂದ ಹೊರಬಂತು. ಭೂಪಾಲಿ, ಯಮನ್, ಮಾಲ್‌ಕೌನ್ಸ್ ಸೇರಿ ಹತ್ತು ರಾಗ. ಕರ್ನಾಟಕ ಸಂಗೀತ ಕೇಳುವವರಿಗೆ ಇವು ಮೋಹನ, ಕಲ್ಯಾಣಿ, ಹಿಂದೋಳಗಳ ನೆಂಟರು.

ಮೊದಲ ತೀರ್ಪು ಮೌನದ್ದು. ತಟ್ಟೆ ಮಾರಾಟವಾಗಲಿಲ್ಲ. ಶಾಸ್ತ್ರೀಯ ಸಂಗೀತದವರಿಗೆ ಅದು ಯಂತ್ರದ ಸದ್ದು, ಕುಣಿಯುವವರಿಗೆ ಹಾಡೇ ಇಲ್ಲದ ಡಿಸ್ಕೋ.

ಅದರಲ್ಲಿ ಬಳಕೆಯಾದ ಜಪಾನಿನ ರೋಲ್ಯಾಂಡ್ ಟಿಬಿ-303 ಯಂತ್ರದ ಹಣೆಬರಹವೂ ಅಷ್ಟೇ. ಒಂಟಿ ಗಿಟಾರ್ ವಾದಕನಿಗೆ ಬಾಸ್ ಜೊತೆ ಕೊಡಲೆಂದು ಮಾಡಿದ ಅದನ್ನು ಕೊಳ್ಳುವವರಿಲ್ಲದೆ 1984ರಲ್ಲಿ ನಿಲ್ಲಿಸಿದರು. ಅಗ್ಗಕ್ಕೆ ಸಿಕ್ಕ ಆ ಯಂತ್ರದ ಗುಂಡಿ ತಿರುಗಿಸುತ್ತ ಶಿಕಾಗೋದ ಕಪ್ಪು ಯುವಕರ 'ಫ್ಯೂಚರ್' ತಂಡ 1987ರಲ್ಲಿ 'ಆಸಿಡ್ ಟ್ರಾಕ್ಸ್' ಹೊರತಂದಿತು. ಆಸಿಡ್ ಹೌಸ್ ಎಂಬ ಕುಣಿತದ ಸಂಗೀತ ಬೆಳೆದದ್ದು ಹಾಗೆ.

ಎರಡನೆಯ ತೀರ್ಪು ಹೊರಗಿನಿಂದ ಬಂತು. ಹಾಲೆಂಡಿನ ಎಡೋ ಬೌಮನ್ ಎಂಬ ಸಂಗ್ರಾಹಕರು ದಿಲ್ಲಿಯ ಅಂಗಡಿಯೊಂದರಲ್ಲಿ ಈ ತಟ್ಟೆಯನ್ನು ಕಂಡು, 2010ರಲ್ಲಿ ಮರುಮುದ್ರಿಸಿದರು. ಯುರೋಪಿನ ವಿಮರ್ಶಕರು ಬೆರಗಾದರು. ಶಿಕಾಗೋಗಿಂತ ಐದು ವರ್ಷ ಮೊದಲೇ ಆಸಿಡ್ ಹೌಸ್ ಎಂದರು. ಈಚಿನವರು ಯಾರೋ ಮಾಡಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂದು ಶಂಕಿಸಿದವರೂ ಇದ್ದರು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳನ್ನೇರಿದರು. 2015ರಲ್ಲಿ ತೀರಿಕೊಂಡರು.

ಈ ಹೊಗಳಿಕೆಯನ್ನೂ ನಾವು ಒರೆಗೆ ಹಚ್ಚಬೇಕು. ಶಿಕಾಗೋದ ಹುಡುಗರು ಸಿಂಗ್ ಅವರನ್ನು ಕೇಳಿದ್ದರೆಂಬುದಕ್ಕೆ ಆಧಾರವಿಲ್ಲ. ಆ ಸಂಗೀತದ ಪಿತಾಮಹನ ಪಟ್ಟ ಇವರಿಗೆ ಕಟ್ಟಿದರೆ ಅವರ ದುಡಿಮೆಯನ್ನು ಕಸಿದಂತೆ. ಇವರು ಮಾಡಿದ್ದೂ ಮರೆಯಾಗುತ್ತದೆ. ಅವರು ಗುಂಡಿ ತಿರುಗಿಸಿ ಸದ್ದಿನ ಬಣ್ಣ ಬದಲಿಸುತ್ತ ಹೋದರು. ಸಿಂಗ್ ಹುಡುಕಿದ್ದು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್. ಆ ಯಂತ್ರಕ್ಕೆ ಜಾರುವುದು ಬರುತ್ತಿತ್ತು. ರಾಗಕ್ಕೆ ಬೇಕಾದದ್ದೂ ಅದೇ.

ಮೊದಲ ತೀರ್ಪು ಕೇಳದೆ ಕೊಟ್ಟದ್ದು. ಎರಡನೆಯದು ಬೇರೆ ಸಂಗೀತವನ್ನು ಮನಸ್ಸಿನಲ್ಲಿಟ್ಟು ಕೇಳಿ ಕೊಟ್ಟದ್ದು. ಭೈರವಿ, ತೋಡಿಗಳನ್ನು ಬಲ್ಲ ಕಿವಿಗಳು ನಮ್ಮಲ್ಲಿವೆ. ಮೂರನೆಯ ತೀರ್ಪು ನಮ್ಮದಾಗಬೇಕು. ನಮ್ಮೂರುಗಳ ಮದುವೆ ಚಪ್ಪರದಲ್ಲಿ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗರು ಏನು ಹೊಸೆಯುತ್ತಿದ್ದಾರೆಂದು ಕೇಳಿಸಿಕೊಳ್ಳಲು ಯಾವ ವಿದೇಶಿ ಸಂಗ್ರಾಹಕರಿಗೂ ನಾವು ಕಾಯಬೇಕಾಗಿಲ್ಲ.