ಒರಗಿ ಕೂತವನ ದಾಖಲೆ

1933ರ ಜುಲೈ 7ರಂದು ಪ್ಯಾರಿಸ್ಸಿನ ಸೈಕಲ್ ಟ್ರ್ಯಾಕ್ ಒಂದರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ದೂರ ತುಳಿದ. ಅಲ್ಲಿಯವರೆಗಿನ ದಾಖಲೆ ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ ಹೆಸರಿನಲ್ಲಿತ್ತು: 1914ರಲ್ಲಿ 44.247 ಕಿ.ಮೀ. ಒಂದು ಮಹಾಯುದ್ಧ ಬಂದುಹೋಗಿ, ಒಂದು ತಲೆಮಾರಿನ ಸವಾರರು ಮುದುಕರಾದರೂ ಅದು ಹತ್ತೊಂಬತ್ತು ವರ್ಷ ಅಲುಗಿರಲಿಲ್ಲ. ಅದನ್ನು ಮುರಿದ ಫೋರ್ ಆ ಕಾಲದ ಮೊದಲ ಸಾಲಿನ ಸವಾರನೇನೂ ಅಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ ಹೆಸರು ಮಾಡಿದ್ದವನು ಅವನ ಸಹೋದರ ಬೆನ್ವಾ. ವ್ಯತ್ಯಾಸವಿದ್ದದ್ದು ಸೈಕಲ್ಲಿನಲ್ಲಿ. ಉಳಿದವರು ಹ್ಯಾಂಡಲ್ ಮೇಲೆ ಬಾಗಿ ತುಳಿಯುತ್ತಿದ್ದರೆ, ಫೋರ್ ಆರಾಮಕುರ್ಚಿಯಲ್ಲಿ ಕೂತ ಹಾಗೆ ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿದಿದ್ದ. ಒಂಬತ್ತು ತಿಂಗಳಲ್ಲಿ ಅಂಥ ಸೈಕಲ್ಲು ಅಧಿಕೃತ ಸ್ಪರ್ಧೆಗಳಿಂದಲೇ ಹೊರಬಿತ್ತು.

ಇವತ್ತು ಪುಣೆಯ ಹೊರವಲಯದಲ್ಲೋ ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲೋ ಭಾನುವಾರ ಬೆಳಿಗ್ಗೆ ಕಾಣುವ ಸೈಕಲ್ ಹಿಂಡಿನಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಆಕಾರದವು. ಅಪ್ಪಿತಪ್ಪಿ ಒಂದು ರಿಕಂಬೆಂಟ್ ಟ್ರೈಕ್, ಅಂದರೆ ಒರಗಿ ಕೂತು ತುಳಿಯುವ ಮೂರು ಗಾಲಿಯ ಸೈಕಲ್ಲು ಬಂದರೆ ಜನ ನಿಂತು ನೋಡುತ್ತಾರೆ. ಒಂದು ಆಕಾರ ಸಹಜವಾಗಿ, ಇನ್ನೊಂದು ವಿಚಿತ್ರವಾಗಿ ಕಾಣುವುದಕ್ಕೆ ಬರೀ ಗುಣಾವಗುಣಗಳು ಕಾರಣವಲ್ಲ. ಅದರ ಹಿಂದೆ ಒಂದು ಚರಿತ್ರೆಯಿದೆ.

ಮೂರು ಗಾಲಿ ಹೊಸದಲ್ಲ. 1870ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲೀ ತಯಾರಿಸಿದ ಟ್ರೈಸಿಕಲ್ಲುಗಳು ಮರ್ಯಾದಸ್ಥರ ವಾಹನಗಳಾಗಿದ್ದವು. ಆಗಿನ ಎರಡು ಗಾಲಿಯ ಸೈಕಲ್ಲೆಂದರೆ ಮುಂದೆ ಆಳೆತ್ತರದ ದೊಡ್ಡ ಚಕ್ರ, ಹಿಂದೆ ಪುಟ್ಟದೊಂದು. ಬಿದ್ದರೆ ತಲೆಗೇ ಪೆಟ್ಟು. ಉದ್ದ ಲಂಗದ ಹೆಂಗಸರಿಗೂ ವಯಸ್ಸಾದವರಿಗೂ ಅದು ಆಗದ ಮಾತು. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಸ್ಟಾರ್ಲೀಯ ‘ಸಾಲ್ವೊ’ ಟ್ರೈಸಿಕಲ್ ತರಿಸಿಕೊಂಡಳು. ಆಮೇಲೆ ಅದು ‘ರಾಯಲ್ ಸಾಲ್ವೊ’ ಎನಿಸಿತು. ತಿರುವಿನಲ್ಲಿ ಒಳಗಿನ ಗಾಲಿಗಿಂತ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು. ಅದಕ್ಕಾಗಿ ಸ್ಟಾರ್ಲೀ ಈ ಗಾಡಿಗಳಿಗೆ ಡಿಫರೆನ್ಷಿಯಲ್ ಗಿಯರ್ ಅಳವಡಿಸಿದ. ಮುಂದೆ ಮೋಟಾರು ಕಾರುಗಳಿಗೆ ಬೇಕಾದದ್ದೂ ಅಂಥದ್ದೇ ಗಿಯರ್. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮೊದಲು ಹಾಕಿದ್ದೂ ಮಗನ ಟ್ರೈಸಿಕಲ್ಲಿಗೇ.

ಹೀಗಿದ್ದೂ ಗೆದ್ದದ್ದು ಎರಡು ಗಾಲಿ. 1885ರಲ್ಲಿ ಜೇಮ್ಸ್ ಸ್ಟಾರ್ಲೀಯ ಸಹೋದರನ ಮಗ ಜಾನ್ ಕೆಂಪ್ ಸ್ಟಾರ್ಲೀ ‘ರೋವರ್’ ಸುರಕ್ಷಾ ಸೈಕಲ್ ತಂದ. ಹೆಚ್ಚುಕಡಿಮೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಅದಕ್ಕೆ ಗಾಳಿ ಟೈರ್ ಸೇರಿದ ಮೇಲೆ ಟ್ರೈಸಿಕಲ್ ಹಿಂದೆ ಬಿತ್ತು. ಇದು ನ್ಯಾಯವಾದ ಗೆಲುವೇ. ಎರಡು ಗಾಲಿಯದು ಹಗುರ, ಅಗ್ಗ. ಓಣಿಯಲ್ಲಿ ನುಗ್ಗುತ್ತದೆ, ಗೋಡೆಗೆ ಒರಗಿಸಿ ನಿಲ್ಲಿಸಬಹುದು, ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಬಹುದು. ಆದರೆ ಆ ಚೌಕಟ್ಟೂ ಎಲ್ಲ ಮೈಗೂ ಹೊಂದುವಂಥದ್ದಲ್ಲ. ಅಡ್ಡ ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಾ ಸೈಕಲ್ ಕಲಿತ ನಮ್ಮ ಊರುಗಳ ತಲೆಮಾರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೈಕಲ್ಲು ಮೈಗೆ ಹೊಂದದಿದ್ದರೆ ಮೈಯನ್ನೇ ಸೈಕಲ್ಲಿಗೆ ಹೊಂದಿಸಿಕೊಂಡೆವು.

ಫೋರ್ ತುಳಿದ ಸೈಕಲ್ಲಿನ ಮೂಲವೂ ಒಂದು ಮಗುವೇ. ಫ್ರಾನ್ಸಿನ ಶಾರ್ಲ್ ಮೊಷೆ ಸಣ್ಣ ಕಾರುಗಳನ್ನು ಕಟ್ಟುತ್ತಿದ್ದವನು. ಎರಡು ಗಾಲಿಯ ಸೈಕಲ್ಲು ಅಪಾಯವೆಂದು ಹೆಂಡತಿ ಹೆದರಿದ್ದರಿಂದ ಮಗ ಜಾರ್ಜನಿಗೆ ನಾಲ್ಕು ಗಾಲಿಯ ಪೆಡಲ್ ಗಾಡಿ ಮಾಡಿಕೊಟ್ಟ. ಅದನ್ನು ಕಂಡು ದೊಡ್ಡವರೂ ಕೇಳತೊಡಗಿದರು. ಹೀಗೆ ಹುಟ್ಟಿದ್ದು ‘ವೆಲೊಕಾರ್’: ಇಬ್ಬರು ಪಕ್ಕಪಕ್ಕ ಕೂತು ತುಳಿಯುವ, ಗಿಯರುಗಳಿದ್ದ ಗಾಡಿ. ಕಾರು ಕೊಳ್ಳಲಾಗದ ಮನೆಗಳಿಗೆ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅದು ಒದಗಿಬಂತು. ವೇಗ ಚೆನ್ನಾಗಿತ್ತು, ಆದರೆ ಜೋರಾಗಿ ತಿರುಗಿಸಿದರೆ ಒಳಗಿನ ಗಾಲಿಗಳು ಮೇಲೇಳುತ್ತಿದ್ದವು. ಮೊಷೆ ಆ ಗಾಡಿಯನ್ನು ಉದ್ದಕ್ಕೆ ಸೀಳಿದ ಹಾಗೆ ಎರಡು ಗಾಲಿಯದೊಂದನ್ನು ಮಾಡಿದ. ಸೀಟು ಮಾತ್ರ ಅದೇ ಒರಗುಸೀಟು.

ಒರಗಿ ಕೂತರೆ ವೇಗ ಯಾಕೆ ಹೆಚ್ಚುತ್ತದೆ? ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ನಮ್ಮ ಶ್ರಮದ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು ಬೇಕು. ಎದೆ, ಭುಜ, ಹೊಟ್ಟೆ ಎಲ್ಲ ಕಾಲುಗಳ ಹಿಂದೆ ಅಡಗಿದರೆ ಗಾಳಿಗೆ ಸಿಗುವ ಮೈ ಕಡಿಮೆ. ಫೋರ್ ಗೆದ್ದದ್ದು ಇದರಿಂದ. ಗಾಳಿ ಸೀಳುವ ಹೊದಿಕೆಗಳಿಗೆ ಆಗಲೇ ನಿಷೇಧವಿತ್ತು, ಆದರೆ ಅವನ ಸೈಕಲ್ಲಿಗೆ ಹೊದಿಕೆಯೇ ಇರಲಿಲ್ಲ. ಸವಾರ ಹೇಗೆ ಕೂರಬೇಕೆಂದು ನಿಯಮ ಏನನ್ನೂ ಹೇಳಿರಲಿಲ್ಲ.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟಕ್ಕೆ, ಅಂದರೆ ಯುಸಿಐಗೆ, ಸಂಕಟ ಶುರುವಾಯಿತು. ಆಗಸ್ಟಿನಲ್ಲಿ ಮೋರಿಸ್ ರಿಷಾರ್ ಎಂಬ ಫ್ರೆಂಚ್ ಸವಾರ ಸಾಮಾನ್ಯ ಸೈಕಲ್ಲಿನಲ್ಲಿ 44.777 ಕಿ.ಮೀ. ತುಳಿದ. ಎಗ್‌ಗಿಂತ ಹೆಚ್ಚು, ಫೋರ್‌ಗಿಂತ ಕಡಿಮೆ. ಯಾರದು ದಾಖಲೆ? 1934ರ ಫೆಬ್ರುವರಿಯಲ್ಲಿ ವಿಷಯ ಒಕ್ಕೂಟದ ಸಭೆಗೆ ಬಂತು. ಹೊರಬಿದ್ದ ಉತ್ತರ ಸೈಕಲ್ಲಿನ ಹೊಸ ವ್ಯಾಖ್ಯೆ: ಪೆಡಲಿನ ಅಚ್ಚು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಸೀಟು ಆ ಅಚ್ಚಿಗಿಂತ ಎಷ್ಟು ಹಿಂದಿರಬಹುದು, ಮುಂದಿನ ಚಕ್ರ ಎಷ್ಟು ದೂರವಿರಬೇಕು ಎಂಬುದೆಲ್ಲ ಸೆಂಟಿಮೀಟರ್ ಲೆಕ್ಕದಲ್ಲಿ. ಒರಗುಸೈಕಲ್ಲು ಆ ಅಳತೆಗಳಲ್ಲಿ ಹಿಡಿಸುವಂತಿರಲಿಲ್ಲ. ದಾಖಲೆ ರಿಷಾರನದಾಯಿತು, ಫೋರ್‌ನ ಸಾಧನೆ ಬೇರೆ ಖಾನೆಗೆ ಸರಿಯಿತು. ಶಾರ್ಲ್ ಮೊಷೆ ಅದೇ ವರ್ಷ ತೀರಿಕೊಂಡ. 1939ರಲ್ಲಿ ಫೋರ್ ಹೊದಿಕೆ ಹಾಕಿದ ವೆಲೊಕಾರಿನಲ್ಲಿ ಗಂಟೆಗೆ 50.537 ಕಿ.ಮೀ. ತುಳಿದ. ಅಧಿಕೃತ ದಾಖಲೆ ಆ ಅಂಕಿ ದಾಟಿದ್ದು 1984ರಲ್ಲಿ, ಇಟಲಿಯ ಫ್ರಾನ್ಚೆಸ್ಕೊ ಮೊಸೆರ್‌ನಿಂದ.

ಒಕ್ಕೂಟವನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ಆದರೆ ಅದರ ವಾದದಲ್ಲೂ ಹುರುಳಿದೆ. ಸ್ಪರ್ಧೆ ಇರುವುದು ಕಾಲುಗಳ ನಡುವೆ, ಯಂತ್ರಗಳ ನಡುವೆ ಅಲ್ಲ ಎಂದಾದರೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಆನ್ರಿ ದೆಗ್ರಾಂಜ್‌ಗೂ ಹೀಗೇ ಅನಿಸಿತ್ತು. ಈಗ ಮಕ್ಕಳ ಸೈಕಲ್ಲಿನಲ್ಲೂ ಇರುವ ಚೈನು ಬದಲಿಸುವ ಗಿಯರನ್ನು ಆ ಸ್ಪರ್ಧೆಯ ವೃತ್ತಿಪರ ಸವಾರರಿಗೆ 1937ರವರೆಗೆ ಬಿಡಲಿಲ್ಲ. ತೊಂದರೆಯಾದದ್ದು ಗೆರೆಯಿಂದಲ್ಲ, ಗೆರೆ ಟ್ರ್ಯಾಕಿನಿಂದ ರಸ್ತೆಗೆ ದಾಟಿದ್ದರಿಂದ. ಸೈಕಲ್ ಕಂಪನಿಗಳು ಹೆಸರು ಮಾಡುತ್ತಿದ್ದದ್ದು ಸ್ಪರ್ಧೆಗಳಿಂದ. ಸ್ಪರ್ಧೆಯಲ್ಲಿಲ್ಲದ ಆಕಾರಕ್ಕೆ ಹಣ ಹಾಕಲು ಅವಕ್ಕೆ ಕಾರಣ ಉಳಿಯಲಿಲ್ಲ. ಸ್ಪರ್ಧೆಗೆಂದು ಬರೆದ ವ್ಯಾಖ್ಯೆ ಅಂಗಡಿಯ, ಬೀದಿಯ, ನಮ್ಮ ಕಣ್ಣಿನ ವ್ಯಾಖ್ಯೆಯೂ ಆಯಿತು.

ಮೌನ ಮುರಿದದ್ದು 1970ರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಚೆಸ್ಟರ್ ಕೈಲ್ ಮತ್ತು ಗೆಳೆಯರು ಯಾವ ಆಕಾರದ ಯಂತ್ರಕ್ಕೂ ತಡೆಯಿಲ್ಲದ ಓಟಗಳನ್ನು 1975ರಲ್ಲಿ ಆರಂಭಿಸಿದರು. ಮರುವರ್ಷ ಮಾನವಶಕ್ತಿ ವಾಹನಗಳಿಗೆಂದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಆ ದಾರಿ ಎಲ್ಲಿಗೆ ಬಂತೆಂದರೆ, 2016ರಲ್ಲಿ ಕೆನಡಾದ ಟಾಡ್ ರೈಕರ್ಟ್ ಪೂರ್ತಿ ಹೊದಿಕೆಯ ಒರಗುಸೈಕಲ್ಲಿನಲ್ಲಿ ಗಂಟೆಗೆ 144 ಕಿ.ಮೀ. ವೇಗ ಮುಟ್ಟಿದ, ಬರೀ ಕಾಲಿನ ಬಲದಿಂದ.

ಮೂರು ಗಾಲಿಯೂ ಈ ಅಲೆಯಲ್ಲೇ ಮರಳಿತು. ಇಂಗ್ಲೆಂಡಿನ ಮೈಕ್ ಬರೋಸ್ ಕಟ್ಟಿದ ‘ವಿಂಡ್‌ಚೀಟಾ’ ಟ್ರೈಕಿನಲ್ಲಿ ಎರಡು ಗಾಲಿ ಮುಂದೆ, ಒಂದು ಹಿಂದೆ. ಸೀಟು ನೆಲಕ್ಕೆ ತಾಗುವಷ್ಟು ಕೆಳಗಿದ್ದುದರಿಂದ ಮೊಷೆಯ ಗಾಡಿಯ ಹಾಗೆ ತಿರುವಿನಲ್ಲಿ ಸುಲಭಕ್ಕೆ ಮಗುಚುತ್ತಿರಲಿಲ್ಲ. 1996ರಲ್ಲಿ ಆಂಡಿ ವಿಲ್ಕಿನ್ಸನ್ ಹೊದಿಕೆ ಹಾಕಿದ ವಿಂಡ್‌ಚೀಟಾದಲ್ಲಿ ಬ್ರಿಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 41 ಗಂಟೆಗಳಲ್ಲಿ ತಲುಪಿದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿನ ಹಿಂದಿದ್ದದ್ದೂ ಇದೇ ಬರೋಸ್. ಅಡ್ಡ ಕಂಬಿ ಹಿಂದಕ್ಕೆ ಇಳಿಜಾರಾಗಿರುವ ಇವತ್ತಿನ ರೋಡ್ ಬೈಕಿನ ಚೌಕಟ್ಟನ್ನು 1990ರ ದಶಕದಲ್ಲಿ ಜೈಂಟ್ ಕಂಪನಿಗಾಗಿ ರೂಪಿಸಿದವನೂ ಅವನೇ. ಹೊರಗಿಟ್ಟ ಆಕಾರದಲ್ಲಿ ಪಳಗಿದ ಕೈ ಒಳಗಿನ ಆಕಾರವನ್ನು ತಿದ್ದಿತು.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ರಸ್ತೆಯೇ ಉತ್ತರ ಹೇಳುತ್ತದೆ. ಒಳ್ಳೆಯ ರೋಡ್ ಬೈಕು ಏಳೆಂಟು ಕಿಲೋ ತೂಗಿದರೆ ಟ್ರೈಕು ಹದಿನೈದು ದಾಟುತ್ತದೆ. 75 ಕಿಲೋ ತೂಕದ ಸವಾರನಿಗೆ ಹತ್ತು ಕಿಲೋ ಹೆಚ್ಚಾದರೆ ಕಡಿದಾದ ಏರಿನಲ್ಲಿ ಅದೇ ವೇಗಕ್ಕೆ ಸುಮಾರು ಶೇ. 12ರಷ್ಟು ಹೆಚ್ಚು ಶಕ್ತಿ ಬೇಕು. ಎದ್ದು ನಿಂತು ತುಳಿಯುವಂತೆಯೂ ಇಲ್ಲ. ಹೊದಿಕೆಯಿಲ್ಲದ ಟ್ರೈಕಿನ ಮೂರನೆಯ ಗಾಲಿಯೂ ಗಾಳಿಗೆ ಸಿಗುವುದರಿಂದ ಫೋರ್‌ಗೆ ಸಿಕ್ಕ ಲಾಭ ಪೂರ್ತಿ ಸಿಗುವುದಿಲ್ಲ. ಗುಂಡಿ ತಪ್ಪಿಸಲು ಒಂದರ ಬದಲು ಮೂರು ಜಾಡು ನೋಡಿಕೊಳ್ಳಬೇಕು. ಸವಾರನ ತಲೆ ಕಾರಿನ ಕಿಟಕಿಗಿಂತ ಕೆಳಗಿರುವುದರಿಂದ ಎತ್ತರದ ಬಾವುಟ ಬೇಕೇ ಬೇಕು. ಆದರೆ ಎಷ್ಟೇ ನಿಧಾನವಾದರೂ ಅದು ವಾಲುವುದಿಲ್ಲ. ಏರಿನ ನಡುವೆ ನಿಂತು, ಕಾಲು ಕೆಳಗಿಡದೆ ದಣಿವಾರಿಸಿಕೊಂಡು ಮುಂದೆ ಹೋಗಬಹುದು. ಅಂಗೈ ಜೋಮು ಹಿಡಿಯುವುದಿಲ್ಲ, ಕತ್ತು ನೋಯುವುದಿಲ್ಲ.

ಈ ಕೊನೆಯ ಮಾತುಗಳು ಗಟ್ಟಿಮುಟ್ಟಾದವರಿಗೆ ಬರೀ ಸೌಕರ್ಯ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರಿಗೆ, ಕಿವಿಯ ತೊಂದರೆಯಿಂದ ಸಮತೋಲ ಕಳೆದುಕೊಂಡವರಿಗೆ, ಬೆನ್ನು ಬಾಗದವರಿಗೆ ಅವೇ ಸೈಕಲ್ ತುಳಿಯುವುದಕ್ಕೂ ಮನೆಯಲ್ಲಿ ಕೂರುವುದಕ್ಕೂ ಇರುವ ವ್ಯತ್ಯಾಸ. ಯುಸಿಐ ಕೂಡ ಇದನ್ನು ಬಲ್ಲದು. 2007ರಿಂದ ಪ್ಯಾರಾ ಸೈಕ್ಲಿಂಗ್ ಅದರ ಉಸ್ತುವಾರಿಯಲ್ಲಿದೆ. ಅಲ್ಲಿ ಸಮತೋಲದ ತೊಂದರೆಯವರಿಗೆ ಟ್ರೈಸಿಕಲ್ ವಿಭಾಗವಿದೆ, ಒರಗಿ ಕೂತು ಕೈಯಿಂದ ತಿರುಗಿಸುವ ಹ್ಯಾಂಡ್‌ಸೈಕಲ್ಲುಗಳ ವಿಭಾಗವೂ ಇದೆ. ಫೋರ್‌ನ ದೇಶದಲ್ಲೇ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯಲ್ಲಿ ಒರಗುಸೈಕಲ್ಲಿಗೂ ಮೂರು ಗಾಲಿಗೂ ಜಾಗವಿದೆ. ನಮ್ಮ ನಗರಗಳ ಕ್ಲಬ್ಬುಗಳು ನಡೆಸುವ 200, 300, 400, 600 ಕಿ.ಮೀ. ಬ್ರೆವೆಗಳು ಅದೇ ಸಂಪ್ರದಾಯದವು. ಅಲ್ಲಿ ಕೇಳುವುದು ಎರಡೇ: ಮನುಷ್ಯನ ಬಲದಿಂದಲೇ ಬಂದಿರೇ, ಗಡುವಿನೊಳಗೆ ಬಂದಿರೇ?

ನಮ್ಮ ದೇಶದಲ್ಲಿ ಮೂರು ಗಾಲಿ ಎಂದೊಡನೆ ಕಣ್ಣಮುಂದೆ ಬರುವುದು ಸೈಕಲ್ ರಿಕ್ಷಾ, ಇಲ್ಲವೇ ನಡೆಯಲಾಗದವರು ಕೈಯಿಂದ ತಿರುಗಿಸುವ ಗಾಡಿ. ದುಡಿಮೆಯದು ಅಥವಾ ಅಸಹಾಯಕತೆಯದು. ಆದ್ದರಿಂದ ನಗರಪಾಲಿಕೆಗಳು ಸೈಕಲ್ ಪಥ ಎಳೆಯುವಾಗ ಮನಸ್ಸಿನಲ್ಲಿರುವುದು ಕಿರಿದಾದ ಎರಡು ಗಾಲಿ, ನೆಟ್ಟಗೆ ಕೂತ ಯುವಕ. ಬೈಕುಗಳು ನುಗ್ಗದಿರಲೆಂದು ಪಥದ ಬಾಯಿಗೆ ಕಂಬಗಳನ್ನು ಒತ್ತಾಗಿ ನೆಟ್ಟರೆ ಬೈಕಿನವರು ಹೇಗೋ ನುಸುಳುತ್ತಾರೆ. ನಿಲ್ಲುವುದು ಟ್ರೈಕು, ಹ್ಯಾಂಡ್‌ಸೈಕಲ್ಲು, ಸಾಮಾನು ಹೊತ್ತ ಮೂರು ಗಾಲಿ. ಆ ಕಂಬಗಳ ನಡುವಿನ ಅಂತರವೂ ಸೈಕಲ್ಲಿನ ಒಂದು ವ್ಯಾಖ್ಯೆಯೇ, ಸೆಂಟಿಮೀಟರ್ ಲೆಕ್ಕದ್ದೇ. 1934ರ ಅಳತೆಗಳನ್ನು ಬರೆದದ್ದು ಸ್ಪರ್ಧೆಗಾಗಿ. ಇದನ್ನು ನಾವು ಬರೆಯುತ್ತಿರುವುದು ದಿನದ ಓಡಾಟಕ್ಕೆ.